ಹಾರಿದ ಸ್ಪ್ರಿಂಗು

ಇವನು ನನ್ನ ಗಂಡ, ವರ್ಲಿನ್. ಎಪ್ಪತ್ತೊಂದು.
ಬೀಟ್ ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ
ಬೇರೆಯವರ ಪಂಪುಗಳನ್ನು ರಿಪೇರಿ ಮಾಡಿ
ಕೊನೆಯ ದಿನ ಒಂದು ಕೇಕು, ಒಂದು ಗಡಿಯಾರ,
ಗುಜರಿಗೆ ಹೊರಟಿದ್ದ ಒಂದು ಲೇತು ತಂದವನು.
ಕೇಕು ಅಂದೇ ಮುಗಿಯಿತು. ಗಡಿಯಾರ ನಿಂತಿದೆ.
ಲೇತು ಗ್ಯಾರೇಜಿನಲ್ಲಿ, ನನ್ನ ಕಾರು ಹಿಮದಲ್ಲಿ.

ಉತ್ತರ ಡಕೋಟಾದ ಚಳಿ ನಿಮಗೆ ಗೊತ್ತಿರಲಾರದು:
ಜನವರಿಯಲ್ಲಿ ಉಗುಳಿದರೆ ನೆಲ ಮುಟ್ಟುವ ಮೊದಲೇ ಕಲ್ಲು.
ಆ ಚಳಿಯಲ್ಲಿ ಸೀಮೆಎಣ್ಣೆ ಹೀಟರಿನ ಪಕ್ಕ
ಅಲ್ಯೂಮಿನಿಯಂ ತುಂಡೊಂದಕ್ಕೆ ಆತುಕೊಂಡು
ಇವನು ರೈಫಲ್ಲು ಮಾಡುತ್ತಾನೆ.
ಮಾಡುತ್ತಾನೆ ಅಂದರೆ, ಮಾಡುತ್ತಲೇ ಇದ್ದಾನೆ.
ಆರು ಚಳಿಗಾಲ, ಒಂದೇ ರೈಫಲ್ಲು.

ಕೊಳ್ಳಬಹುದಲ್ಲ, ಅಂದೆ. ಫಾರ್ಗೋದ ಅಂಗಡಿಯಲ್ಲಿ
ಒಂದೇ ಮಧ್ಯಾಹ್ನಕ್ಕೆ ಸಿಗುತ್ತದೆ, ಪೆಟ್ಟಿಗೆ ಸಮೇತ.
'ಕೊಳ್ಳಬಹುದು,' ಅಂದ,
ನಾನು ಹಿಟ್ಟು ನಾದುವಾಗ ಯಾರೋ ಬಂದು
ಬೇಕರಿಯ ಹೆಸರು ಹೇಳಿದರೆ ನಾನು ಮಾಡುವ ಮುಖ ಮಾಡಿ.

ಬೇಟೆಗಾರನಲ್ಲ. ಹತ್ತೊಂಬತ್ತರಲ್ಲಿ ಒಂದು ಜಿಂಕೆ,
ಅದು ಸಾಯಲು ತೆಗೆದುಕೊಂಡ ಹೊತ್ತನ್ನು
ಇವತ್ತಿಗೂ ನಿಮಿಷದ ಲೆಕ್ಕದಲ್ಲಿ ಹೇಳಬಲ್ಲ, ಕೇಳಿದರೆ.
ನಾನು ಕೇಳುವುದಿಲ್ಲ.
ಇವನಿಗೆ ಬೇಕಾದ್ದು ಒಂದು ತುಂಡು ಇನ್ನೊಂದರೊಳಗೆ
ಜಾರುವಾಗ ಆಗುವ, ಸದ್ದೂ ಅಲ್ಲದ ಅದು,
ಮಾತು ಒಪ್ಪಿಕೊಂಡವರು ಬಾಯಿ ಮುಚ್ಚಿದಂಥದ್ದು.
ಕೂದಲೆಳೆಯನ್ನು ಮೂರು ಪಾಲು ಮಾಡಿ
ಅದರಲ್ಲೊಂದು ಪಾಲು ಹೆಚ್ಚಾದರೆ
ಇಡೀ ವಾರದ ಕೆಲಸ ಡಬ್ಬಕ್ಕೆ.
ನನ್ನ ಹುಟ್ಟುಹಬ್ಬವನ್ನು ಎರಡು ದಿನ ಆಚೀಚೆ ಮಾಡುವ ಮನುಷ್ಯ!

ಲೋಹದ ಸುರುಳಿ ಸಿಪ್ಪೆ ಮನೆಯೆಲ್ಲ.
ಕಾಲುಚೀಲದಲ್ಲಿ, ದಿಂಬಿನ ಮಡಿಕೆಯಲ್ಲಿ,
ಒಮ್ಮೆ ಕ್ರಿಸ್‌ಮಸ್ಸಿನ ಆಲೂಗಡ್ಡೆ ರೊಟ್ಟಿಯಲ್ಲಿ.
ನಾದಿನಿ ಸೋಲ್ವೆಯ ಹಲ್ಲಿಗೆ ಸಿಕ್ಕಿತು; ಆಕೆ ಏನೂ ಹೇಳದೆ
ತಟ್ಟೆಯ ಅಂಚಿಗಿಟ್ಟಳು. ಲುಥೆರನ್ನರು ನಾವು,
ನಮ್ಮ ಜಗಳ ಅಷ್ಟೇ.

ಟಿವಿಯಲ್ಲಿ ಆ ಸುದ್ದಿ ಬಂದ ರಾತ್ರಿ
(ಯಾವ ಊರು ಎಂದು ಕೇಳಬೇಡಿ, ಊರು ಬದಲಾಗುತ್ತದೆ,
ಬೇಲಿಯ ಪಕ್ಕ ರಾಶಿ ಬಿದ್ದ ಶಾಲೆಯ ಬ್ಯಾಗುಗಳು ಅವೇ)
ಲೇತಿನ ಪ್ಲಗ್ಗು ಕಿತ್ತ. ಇಪ್ಪತ್ತಮೂರು ದಿನ.
ನಾನು ಎಣಿಸಿದೆ.
ಇಪ್ಪತ್ತನಾಲ್ಕನೆಯ ದಿನ ಗ್ಯಾರೇಜಿನಿಂದ
ಮತ್ತೆ ಆ ಹಳೇ ಗುಂಯ್.
ಯಾಕೆ ನಿಲ್ಲಿಸಿದೆ, ಯಾಕೆ ಶುರು ಮಾಡಿದೆ,
ಎರಡನ್ನೂ ಅವನು ಹೇಳಲಿಲ್ಲ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ನಾನೂ.

ನಿನ್ನೆ ಸಂಜೆ ಟಣ್ ಎಂದು ಏನೋ.
'ಆರ್ಲಿಸ್!'
ಟಾರ್ಚು ಹಿಡಿದು ಓಡಿದೆ. ಕೊನೆಯ ತುಂಡು ಕೂರಿಸುವಾಗ
ಅಕ್ಕಿಕಾಳಿನುದ್ದದ ಸ್ಪ್ರಿಂಗೊಂದು ಬೆರಳಿಂದ ಚಿಮ್ಮಿತ್ತು.
ಎತ್ತ ಹಾರಿತು? ಬಾಗಿಲ ಕಡೆ, ಅಂದ.
ನನಗೆ ಸದ್ದು ಕೇಳಿದ್ದು ಹೀಟರಿನ ಕಡೆ.
ಇಬ್ಬರೂ ಊರಿದೆವು ಮಂಡಿ. ನಾಲ್ಕರಲ್ಲಿ ಒಂದು ಡಾಕ್ಟರು ಹಾಕಿದ್ದು.
ಚರ್ಚಿನಲ್ಲೂ ಇಷ್ಟು ಹೊತ್ತು ಊರಿದ ನೆನಪಿಲ್ಲ.

ಸಿಕ್ಕಿದ್ದು: ಮೂರು ವಾಶರು. ಸತ್ತ ಜೀರುಂಡೆ.
ಮಗಳ ಹಾಲುಹಲ್ಲು ಇಡುತ್ತಿದ್ದ ತಗಡಿನ ಡಬ್ಬಿ, ಖಾಲಿ.
ನನ್ನ ಓಲೆ. ಮೂವತ್ತು ವರ್ಷದ ಹಿಂದೆ ಕಳೆದದ್ದು,
ಪಕ್ಕದ ಮನೆಯ ಹುಡುಗಿಯ ಮೇಲೆ ನಾನು ಅನುಮಾನಪಟ್ಟದ್ದು.
ಇವನು ಉಫ್ ಎಂದು ಧೂಳು ಊದಿ, ಬೆಳಕಿಗೆ ಹಿಡಿದು,
'ಕೊಂಡಿ ಸೊಟ್ಟಗಿದೆ,' ಅಂದ. 'ಸರಿಮಾಡಬಹುದು.'

ಆಗ ಕೇಳಿದೆ, ಬೆಂಚಿನ ಕೆಳಗೆ,
ತಲೆಗೆ ತಲೆ ತಾಗುವಷ್ಟು ಹತ್ತಿರ:
ಇದು ಮುಗಿದ ಮೇಲೆ ಏನು ಮಾಡ್ತೀಯ, ವರ್ಲಿನ್?
ಟಾರ್ಚನ್ನು ಆಚೆ ಗೋಡೆಗೆ ತಿರುಗಿಸಿ
ಬಹಳ ಹೊತ್ತು ಅಲ್ಲೇ ಹುಡುಕಿದ,
ಏನೂ ಹಾರಿ ಹೋಗಿರಲಾರದ ಮೂಲೆಯಲ್ಲಿ.

ಬೆಳಿಗ್ಗೆ ಸ್ವೆಟರು ಕೊಡವುವಾಗ
ತೋಳಿನ ಮಡಿಕೆಯಲ್ಲಿ, ಉಣ್ಣೆಗೆ ಸಿಕ್ಕಿಕೊಂಡು,
ಅದೇ.
ಕಿಟಕಿಯಾಚೆ ಅವನು ನಾಲಿಗೆ ಕಚ್ಚಿಕೊಂಡು
ನನ್ನ ಓಲೆಯ ಕೊಂಡಿ ಬಗ್ಗಿಸುತ್ತಿದ್ದ.
ಸ್ಪ್ರಿಂಗನ್ನು ಸಕ್ಕರೆ ಬಟ್ಟಲ ಹಿಂದಿಟ್ಟೆ.
ಹೇಳುತ್ತೇನೆ. ಕಾಫಿ ಆಗಲಿ.
ಹೇಳುತ್ತೇನೆ, ಗುರುವಾರದೊಳಗೆ.